ಬೈಕಿನ ಹಿಂದಿನರ್ಧ

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ, ಬೀಗದ ಕೈ ತಗುಲಿಹಾಕುವ ಮೊಳೆಯ ಕೆಳಗೆ, ಚಪ್ಪಲಿ ಗೂಡಿನ ಮೇಲೆ ಒಂದು ಕಬ್ಬಿಣದ ಬಿಲ್ಲೆ ಇರುತ್ತದೆ. ಒಬ್ಬಟ್ಟಿಗಿಂತ ಚಿಕ್ಕದು, ನಿಪ್ಪಟ್ಟಿಗಿಂತ ದಪ್ಪ. ಮನೆಗೆ ಬಂದವರು ಚಪ್ಪಲಿ ಬಿಡುವಾಗ ಅದನ್ನು ಕಂಡು ತಲೆಗೊಂದು ಮಾತು ಹೇಳುತ್ತಾರೆ. ಒಬ್ಬರು ಹಳೆಯ ತಕ್ಕಡಿಯ ಬಟ್ಟು ಎಂದರು. ಗ್ಯಾಸ್ ಒಲೆ ರಿಪೇರಿಗೆ ಬಂದವನು ಬರ್ನರಿನ ಮುಚ್ಚಳವೆಂದು ಅದನ್ನು ಎತ್ತಿಕೊಂಡು ನೇರ ಅಡುಗೆಮನೆಗೇ ಬಂದ. ನಮ್ಮ ಚಿಕ್ಕಮ್ಮನಂತೂ ಯಾರೋ ಮಾಟ ಮಾಡಿಸಿ ಇಟ್ಟಿದ್ದಾರೆಂದು ಗೋಡೆಗೆ ಒರಗಿಕೊಂಡು ಒಳಗೆ ಬಂದರು. ನೀವು ಬಂದರೂ ಕೇಳಿಯೇ ಕೇಳುತ್ತೀರಿ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅದು ಬೈಕಿನ ಸೈಡ್ ಸ್ಟ್ಯಾಂಡಿನ ಕೆಳಗೆ ಇಡುವ ಬಿಲ್ಲೆ. ಬೇಸಿಗೆಯಲ್ಲಿ ಡಾಂಬರು ಮೆತ್ತಗಾದಾಗ ಭಾರದ ಗಾಡಿಯ ಸ್ಟ್ಯಾಂಡು ನೆಲದೊಳಕ್ಕೆ ಇಳಿದು ಗಾಡಿ ಮಗ್ಗುಲಾಗಿಬಿಡುತ್ತದೆ. ಕೆಳಗೆ ಬಿಲ್ಲೆ ಕೊಟ್ಟರೆ ಇಳಿಯುವುದಿಲ್ಲ. ಅದರ ಕೆಲಸ ಇಷ್ಟೇ.

ಅದನ್ನು ಮಾಡಿದವರು ನಮ್ಮ ಅಪ್ಪ, ನಂಜಪ್ಪ. ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದವರು. ಮೇಲಿನವರನ್ನು ಕೇಳಿ, ಬಿಸಾಡುವ ತುಂಡೊಂದನ್ನು ಲೇತಿಗೆ ಕೊಟ್ಟು, ಜೇಬು ಹರಿಯದಂತೆ ಅಂಚನ್ನು ನುಣ್ಣಗೆ ಉಜ್ಜಿ ತಂದಿದ್ದರು. ತಂದ ದಿನ ಶನಿವಾರ. ಶನಿವಾರ ಯಾರಾದರೂ ಕಬ್ಬಿಣ ಮನೆಗೆ ತರುತ್ತಾರೆಯೇ ಎಂದು ಅಮ್ಮ ಬಾಗಿಲಲ್ಲೇ ತಡೆದಳು. ಬಿಲ್ಲೆ ಒಂದು ರಾತ್ರಿ ತುಳಸಿ ಕುಂಡದ ಪಕ್ಕ ಮಲಗಿ ಭಾನುವಾರ ಒಳಗೆ ಬಂತು.

ಇಷ್ಟು ಕೇಳಿದ ಮೇಲೆ ನಮ್ಮ ಅಪ್ಪನಿಗೆ ಒಂದು ಬೈಕು ಇತ್ತು ಎಂದುಕೊಂಡಿರುತ್ತೀರಿ. ಇರಲಿಲ್ಲ. ಅವರಿಗೆ ಗಾಡಿ ಓಡಿಸಲು ಬರುತ್ತಲೇ ಇರಲಿಲ್ಲ. ಗಾಡಿ ಇದ್ದದ್ದು ಅವರ ಗೆಳೆಯ, ಹಲಸೂರಿನ ಆರೋಗ್ಯಸ್ವಾಮಿಯವರಿಗೆ. ನನಗೆ ಸ್ವಾಮಿ ಅಂಕಲ್. ಅದೇ ಕಾರ್ಖಾನೆ, ಅದೇ ಶಿಫ್ಟು, ಪಕ್ಕದ ಲೇತು. ಅವರದು ಕಪ್ಪು ಬಣ್ಣದ, ಗುಂಡು ದೀಪದ, ಬೀದಿಯ ಆ ತುದಿಗೆ ಬಂದಾಗಲೇ ಈ ತುದಿಯ ಕಿಟಕಿಯ ಗಾಜು ನಡುಗಿಸುವ ದೊಡ್ಡ ಗಾಡಿ. ಕಂಪನಿಯ ಹೆಸರು ಬೇಡ, ಸದ್ದು ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಬೆಳಿಗ್ಗೆ ಆರೂ ಹತ್ತಕ್ಕೆ ಸ್ವಾಮಿ ಅಂಕಲ್ ಹಳೆ ಮದ್ರಾಸು ರಸ್ತೆ ಹಿಡಿದು ಸಿ.ವಿ. ರಾಮನ್ ನಗರದ ನಮ್ಮ ಬೀದಿಯ ಬಾಯಿಗೆ ಬರುವರು. ಹೊಂಗೆ ಮರದ ಕೆಳಗೆ ಅಪ್ಪ ಇಬ್ಬರ ತಿಂಡಿಯ ಡಬ್ಬಿ ಹಿಡಿದು ನಿಂತಿರುವರು. ಗಾಡಿ ಅವನದು, ತಿಂಡಿ ಇವನದು ಎಂಬುದು ಅವರಿಬ್ಬರ ಕರಾರು. ಹೀಗೆ ಇಪ್ಪತ್ತೆರಡು ವರ್ಷ.

ಹಿಂದೆ ಕೂರುವುದೂ ಒಂದು ಕೆಲಸ ಎಂದು ನಾನು ಅಪ್ಪನನ್ನು ನೋಡಿ ಕಲಿತೆ. ಗಾಡಿ ನಿಲ್ಲುತ್ತಿದ್ದಂತೆ ಅವರು ಮೊದಲು ಇಳಿದು, ಬಗ್ಗಿ, ಬಿಲ್ಲೆಯನ್ನು ಸರಿಯಾದ ಜಾಗದಲ್ಲಿ ಇಡಬೇಕು, ಆಮೇಲೆ ಸ್ವಾಮಿ ಅಂಕಲ್ ಸ್ಟ್ಯಾಂಡು ಹಾಕಬೇಕು. ಹಂಪ್ ಬಂದರೆ ಎಡ ಭುಜದ ಮೇಲೆ ಎರಡು ಸಲ ತಟ್ಟಬೇಕು. ಬಲಗಡೆಯಿಂದ ಲಾರಿ ನುಗ್ಗಿ ಬಂದರೆ ಬಲ ಭುಜದ ಮೇಲೆ ಒಂದೇ ಸಲ. ತಿರುವಿನಲ್ಲಿ ಮುಂದಿನವನು ಎಷ್ಟು ಬಾಗುತ್ತಾನೋ ಅಷ್ಟೇ ಬಾಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇದನ್ನೆಲ್ಲ ಅಪ್ಪ ಊಟದ ಹೊತ್ತಿನಲ್ಲಿ ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಗಾಡಿ ಓಡಿಸುತ್ತಿದ್ದುದು ಇವರೇ, ಸ್ವಾಮಿ ಅಂಕಲ್ ಸುಮ್ಮನೆ ಹ್ಯಾಂಡಲ್ ಹಿಡಿದುಕೊಂಡಿದ್ದರು ಎಂದು ನಾನು ಬಹಳ ದಿನ ನಂಬಿದ್ದೆ.

ನನಗೂ ಆ ಗಾಡಿಯಲ್ಲಿ ಒಂದು ಪಾಲಿತ್ತು. ಸಂಜೆ ಶಿಫ್ಟು ಮುಗಿಸಿ ಬಂದಾಗ ಸ್ವಾಮಿ ಅಂಕಲ್ ಹೊಂಗೆ ಮರದ ಬಳಿ ಗಾಡಿ ನಿಲ್ಲಿಸಿ, ಕಾಯುತ್ತಿದ್ದ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುವರು. ಮರದಿಂದ ನಮ್ಮ ಗೇಟಿನವರೆಗೆ, ಹೆಚ್ಚೆಂದರೆ ನೂರು ಹೆಜ್ಜೆ. ಅಂಗೈ ಕೆಳಗೆ ಟ್ಯಾಂಕು ಬೆಚ್ಚಗೆ ನಡುಗುತ್ತಿತ್ತು. ಅದಕ್ಕೆ ಜೀವ ಇದೆ, ಹಸಿವಾದಾಗ ಹಾಗೆ ಗುರುಗುಟ್ಟುತ್ತದೆ ಎಂದುಕೊಂಡು ಒಮ್ಮೆ ಪೆಟ್ರೋಲ್ ಮುಚ್ಚಳದ ಮೇಲೆ ಅರ್ಧ ಚಕ್ಕುಲಿ ಇಟ್ಟಿದ್ದೆ. ನನಗೆ ಹನ್ನೊಂದು ತುಂಬಿದ ವರ್ಷ ಅಜ್ಜಿ, "ಹುಡುಗಿ ದೊಡ್ಡವಳಾಗ್ತಿದಾಳೆ, ಇನ್ನು ಸಾಕು" ಅಂದರು. ಮರುದಿನದಿಂದ ನಾನು ಗೇಟಿನ ಒಳಗೆ ನಿಂತು ನೋಡುವವಳಾದೆ. ಆಗ ಅಳಲಿಲ್ಲ. ಆದರೆ ಮರೆಯಲೂ ಇಲ್ಲ.

ಈಗ ನನಗೆ ನಲವತ್ತೊಂದು. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮದುವೆ ಯಾಕೆ ಆಗಲಿಲ್ಲ ಎಂಬುದು ಬೇರೆ ಪ್ರಬಂಧ, ಇದು ಬೈಕಿನ ವಿಷಯ. ಕಳೆದ ವರ್ಷ ಒಂದು ಬೆಳಿಗ್ಗೆ, ಮೆಟ್ರೋದಲ್ಲಿ ಯಾರದೋ ಬೆನ್ನಿನ ಚೀಲಕ್ಕೆ ಮೂಗು ಒತ್ತಿಕೊಂಡು ನಿಂತಿದ್ದಾಗ, ನನಗೊಂದು ಗಾಡಿ ಬೇಕು ಅನ್ನಿಸಿತು. ಜೀವನದ ಮೊದಲ ಗಾಡಿ. ಕಚೇರಿಯಲ್ಲಿ ಹೇಳಿದೆ. ಎಲ್ಲರೂ ಸ್ಕೂಟರಿನ ಬಗ್ಗೆ ಸಲಹೆ ಕೊಟ್ಟರು. ಕರೆಂಟಿನದು ತಗೊಳ್ಳಿ, ಸದ್ದೇ ಇರಲ್ಲ ಅಂದರು. ನನಗೆ ಬೇಕಾಗಿದ್ದದ್ದು ಸದ್ದೇ ಎಂದು ಹೇಳಲು ನಾಚಿಕೆಯಾಯಿತು.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪನಿಗಾಗಿಯೇ ತೆಗೆದುಕೊಂಡೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು ಯಾಕೆ? ಮುಕ್ಕಾಲು ಪಾಲು ನನ್ನ ಆಸೆ. ಉಳಿದ ಕಾಲು ಪಾಲು ಹೀಗಿದೆ.

ನಿವೃತ್ತಿಯಾದ ಮೇಲೂ ಗೆಳೆಯರಿಬ್ಬರೂ ಗಾಡಿ ಬಿಟ್ಟಿರಲಿಲ್ಲ. ತಿಂಗಳ ಮೊದಲ ಭಾನುವಾರ ಸ್ವಾಮಿ ಅಂಕಲ್ ಚರ್ಚಿನ ಪೂಜೆ ಮುಗಿಸಿ ಬರುವರು, ಅಪ್ಪ ಹಿಂದೆ ಹತ್ತುವರು, ಇಬ್ಬರೂ ಶಿವಾಜಿನಗರಕ್ಕೆ ಹೋಗಿ ಗುಜರಿ ಅಂಗಡಿಗಳಲ್ಲಿ ಹಳೆಯ ಸ್ಪ್ಯಾನರು, ಬೇರಿಂಗು ತಿರುವಿ ತಿರುವಿ ನೋಡಿ, ಏನೂ ಕೊಳ್ಳದೆ, ಸುಲೇಮಾನಿ ಚಹಾ ಕುಡಿದು ಬರುವರು. ಐದು ವರ್ಷದ ಹಿಂದೆ ಅಂಥದೊಂದು ಭಾನುವಾರ ಸ್ವಾಮಿ ಅಂಕಲ್ ಆಟೋದಲ್ಲಿ ಬಂದರು.

"ಗಾಡಿ ಎಲ್ಲಿ?" ಅಂದರು ಅಪ್ಪ.

"ಕೊಟ್ಬಿಟ್ಟೆ ಪಾ" ಅಂದರು ಸ್ವಾಮಿ ಅಂಕಲ್.

"ಯಾರಿಗೆ?"

"ಯಾರೋ ಕೇಳ್ದ. ಕೊಟ್ಟೆ."

ಅಪ್ಪ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಒಳಕೋಣೆಗೆ ಹೋದವರು ಹೊರಗೆ ಬರಲಿಲ್ಲ. ಸ್ವಾಮಿ ಅಂಕಲ್ ಅರ್ಧ ಗಂಟೆ ಕೂತು, ಅಮ್ಮನ ಹತ್ತಿರ ಮಳೆ ಬಿಸಿಲಿನ ಮಾತಾಡಿ ಎದ್ದು ಹೋದರು. ಆಮೇಲೆ ಅಮ್ಮ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಅವರ ಗಾಡಿ, ಅವರು ಮಾರಿದರು, ನಿಮಗೇನು ಬಂತು ಎಂದು ಕೇಳಿದಳು.

"ಮಾರಿದ್ದಕ್ಕಲ್ಲ ಕಣೇ. ನನಗೆ ಒಂದು ಮಾತು ಹೇಳ್ಬೇಕೋ ಬೇಡ್ವೋ? ಅರ್ಧ ನಂದೂ ಆಗಿತ್ತು."

"ಯಾವ ಅರ್ಧ?"

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಿಂದಿನರ್ಧ" ಅಂದರು.

ಅಮ್ಮ ನಕ್ಕಳು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಅಲ್ಲಿಂದ ಮಾತು ನಿಂತಿತು. ಮನೆಯಿಂದ ಹಲಸೂರಿಗೆ ಮೆಟ್ರೋದಲ್ಲಿ ನಾಲ್ಕೇ ನಿಲ್ದಾಣ, ಮನಸ್ಸು ಮಾಡಿದರೆ ಅರ್ಧ ಗಂಟೆಯ ದಾರಿ. ಅಪ್ಪ ಮನಸ್ಸು ಮಾಡಲಿಲ್ಲ. ಓಡಾಡುತ್ತಿದ್ದುದು ಒಂದು ಡಬ್ಬಿ ಮಾತ್ರ. ಕ್ರಿಸ್‌ಮಸ್ಸಿಗೆ ಸ್ವಾಮಿ ಅಂಕಲ್ ಮನೆಯಿಂದ ಕಲ್‌ಕಲ್ ಎಂಬ ಕರಿದ ಸಿಹಿ ತುಂಬಿ ಬರುವುದು, ಖಾಲಿ ಡಬ್ಬಿ ಹಿಂದಕ್ಕೆ ಕಳಿಸಬಾರದೆಂದು ಅಮ್ಮ ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿ ಕೊಡುವುದು. ಹೊರುವವಳು ನಾನು. ಹೋದಾಗಲೆಲ್ಲ ಅವರು ಅಪ್ಪನ ಸಕ್ಕರೆ ಕಾಯಿಲೆ ಎಷ್ಟಿದೆ ಎಂದು ಕೇಳುವರು. ಗಾಡಿ ಯಾಕೆ ಮಾರಿದಿರಿ ಅಂಕಲ್ ಎಂದು ನಾನು ಕೇಳಿದರೆ, "ಬಿಡಮ್ಮಾ" ಎಂದು ಕಿಟಕಿಯ ಕಡೆ ತಿರುಗುವರು. ಇತ್ತ ಅಪ್ಪ ಕಲ್‌ಕಲ್ ಮುಟ್ಟುವುದಿಲ್ಲ ಅನ್ನುವರು. ನಾಲ್ಕೇ ದಿನದಲ್ಲಿ ಡಬ್ಬಿ ಖಾಲಿಯಾಗುವುದು. ಅಮ್ಮನಿಗೂ ನನಗೂ ಸಿಹಿ ಆಗಿಬರುವುದಿಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ.

ಆ ನಾಲ್ಕು ವರ್ಷದಲ್ಲಿ ಅಪ್ಪ ಹಾಲಿನ ಅಂಗಡಿಯಿಂದ ಆಚೆಗೆ ಹೋದದ್ದು ಆಸ್ಪತ್ರೆಗೆ ಮಾತ್ರ. ಯಾರ ಸ್ಕೂಟರಿನ ಮೇಲೂ ಕೂರುವುದಿಲ್ಲ. "ಅದು ಗಾಡಿ ಅಲ್ಲ, ಮಣೆ" ಅನ್ನುವರು. ಅಂಥದೇ ದೊಡ್ಡ ಗಾಡಿಯೊಂದು ಮನೆಗೆ ಬಂದರೆ ಅಪ್ಪ ಹಿಂದೆ ಹತ್ತಿಯಾರು, ಹತ್ತಿದರೆ ಒಂದಲ್ಲ ಒಂದು ದಿನ ಹಲಸೂರು ದಾರಿಯಲ್ಲೇ ಸಿಕ್ಕೀತು, ಇಬ್ಬರೂ ಎಪ್ಪತ್ತು ದಾಟಿದವರು, ಇನ್ನೂ ಎಷ್ಟು ವರ್ಷ ಹೀಗೆ ಕಳೆಯುತ್ತಾರೆ ಎಂಬುದು ನನ್ನ ಕಾಲು ಪಾಲಿನ ಲೆಕ್ಕಾಚಾರ.

ಶೋರೂಮಿನಲ್ಲಿ ನನ್ನನ್ನು ನೋಡಿಕೊಂಡವಳು ಮಹಾದೇವಿ ಎಂಬ ಹೆಣ್ಣುಮಗಳು. ಕಲಬುರಗಿ ಕಡೆಯವಳು, ಮಾರತ್ತಹಳ್ಳಿಯ ಹತ್ತಿರ ಅಣ್ಣ ಅತ್ತಿಗೆಯ ಜೊತೆ ಒಂದು ಕೋಣೆಯ ಬಾಡಿಗೆ ಮನೆ. ಎಲ್ಲರಂತೆ ಅವಳೂ, "ಸಾಹೇಬ್ರಿಗೇನ್ರಿ ಮೇಡಂ ಗಾಡಿ?" ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. "ಹತ್ತಿ ಕೂಡ್ರಿ" ಅಂದಳು. ಹತ್ತಿದೆ. ನನ್ನ ಎತ್ತರಕ್ಕೆ ನೆಲ ಮುಟ್ಟಿದ್ದು ಕಾಲಿನ ಬೆರಳುಗಳು ಮಾತ್ರ. ಎರಡು ಕ್ವಿಂಟಾಲಿಗೆ ಹತ್ತಿರದ ಆ ಕಬ್ಬಿಣವನ್ನು ಸ್ಟ್ಯಾಂಡಿನಿಂದ ಎತ್ತಲು ಹೋದೆ. ಅದು ಅಲುಗಲಿಲ್ಲ, ನನ್ನ ಸೊಂಟ ಅಲುಗಿತು.

"ಎತ್ತಬ್ಯಾಡ್ರಿ ಮೇಡಂ" ಅಂದಳು ಮಹಾದೇವಿ. "ಅದರ ಭಾರ ಅದಕ್ಕ ಬಿಡ್ರಿ. ನೀವು ನೆಟ್ಟಗ ನಿಂದ್ರಸ್ರಿ, ಸಾಕು."

"ಮೊದಲನೇ ಗಾಡಿ ಇದು. ಇಷ್ಟು ದೊಡ್ಡದು ತಗೋಬಹುದಾ?"

"ಸೈಕಲ್ ಬರ್ತದಲ್ರಿ? ಮತ್ತೇನ್ರಿ. ಬಿದ್ದರ ಎಬ್ಬಸಾಕ ಇಬ್ಬರು ಬೇಕು, ಅಷ್ಟ ಫರಕು."

ಈ ಪ್ರಾಮಾಣಿಕತೆಗೆ ಮನಸೋತು ಬುಕ್ ಮಾಡಿದೆ. ಗಾಡಿ ಬರಲು ಮೂರು ವಾರ ಎಂದರು. ಬಣ್ಣ ಕಪ್ಪು.

ಮನೆಯಲ್ಲಿ ಹೇಳಿದಾಗ ಅಮ್ಮ, "ನಿನ್ನ ತಲೆ ಕೆಟ್ಟಿದೆ" ಅಂದಳು. ಅಪ್ಪ ಪೇಪರಿನ ಹಿಂದಿನಿಂದ, "ಗುಂಡು ದೀಪಾನಾ?" ಎಂದು ಕೇಳಿದರು. ಹೌದು ಅಂದೆ. ಪೇಪರು ಮಡಿಸಿದರು. ನಾಲ್ಕು ವರ್ಷದಲ್ಲಿ ಅಷ್ಟು ಬೇಗ ಅವರು ಎದ್ದದ್ದನ್ನು ನಾನು ನೋಡಿರಲಿಲ್ಲ. "ಗಾಡಿ ಬರೋವರೆಗೆ ಸುಮ್ನೆ ಕೂರೋದು ಯಾಕೆ? ಬಾ, ನಾನು ಹೇಳ್ಕೊಡ್ತೀನಿ" ಅಂದರು. ಓಡಿಸಲು ಬಾರದವರು ಕಲಿಸುವುದು ಹೇಗೆ ಎಂದು ಅಮ್ಮ ಕೇಳಿದಳು. ಇಪ್ಪತ್ತೆರಡು ವರ್ಷ ಹಿಂದೆ ಕೂತು ಸ್ವಾಮಿಯ ಕೈಕಾಲು ನೋಡಿದ್ದೇನೆ, ಅವನು ಯಾವಾಗ ಏನು ಮಾಡುತ್ತಾನೆಂದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತು ಅಂದರು. ಸ್ವಾಮಿ ಎಂಬ ಹೆಸರು ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಅವರ ಬಾಯಿಂದ ಬಂದಿತ್ತು. ನಾನು ಎರಡು ಮಾತಾಡದೆ ಶಿಷ್ಯೆಯಾದೆ.

ಪಾಠಶಾಲೆ ಊಟದ ಮನೆ. ಒಂದು ಕುರ್ಚಿಯ ಮೇಲೆ ನಾನು, ಹಿಂದಿನ ಕುರ್ಚಿಯ ಮೇಲೆ ಅಪ್ಪ. ಕೈಗೆ ಲಟ್ಟಣಿಗೆ, ಅದೇ ಹ್ಯಾಂಡಲ್. ಎರಡು ಕಾಲಿನ ಮುಂದೆ ಎರಡು ಇಟ್ಟಿಗೆ. ಬಲಗಾಲಿನದು ಗೇರು, ಎಡಗಾಲಿನದು ಬ್ರೇಕು. ಮೊದಲ ಗೇರಿಗೆ ಬಲಗಾಲಿನ ಬೆರಳಿಂದ ಮೇಲಕ್ಕೆ ಎತ್ತಬೇಕು, ಆಮೇಲೆ ಒಂದೊಂದಾಗಿ ಕೆಳಕ್ಕೆ ಒತ್ತಬೇಕು. ಅಪ್ಪ ಕಣ್ಣು ಮುಚ್ಚಿಕೊಂಡು ಗಂಟಲಲ್ಲೇ ಎಂಜಿನ್ನಿನ ಸದ್ದು ಮಾಡುವರು. ಸದ್ದು ಏರಿದಾಗ, "ಹಾಂ, ಈಗ ಎರಡು" ಅನ್ನುವರು. ಇದ್ದಕ್ಕಿದ್ದಂತೆ, "ದನ ಬಂತು, ಬ್ರೇಕ್" ಅನ್ನುವರು. ನಾನು ಎಡಗಾಲಿನ ಇಟ್ಟಿಗೆ ತುಳಿಯುವೆ. ಚಪಾತಿಗೆ ಲಟ್ಟಣಿಗೆ ಬೇಕು ಎಂದು ಅಮ್ಮ ಬಂದು ಹ್ಯಾಂಡಲ್ಲನ್ನೇ ಕಿತ್ತುಕೊಂಡು ಹೋಗುವಳು. ಹೀಗೆ ಮೂರು ವಾರ, ಪ್ರತಿ ಸಂಜೆ. ಕೊನೆಗೆ ನನ್ನ ಕಾಲು ಎಷ್ಟು ಪಳಗಿತೆಂದರೆ, ಕಚೇರಿಯಲ್ಲಿ ಯಾರಾದರೂ ಮೇಜಿಗೆ ಅಡ್ಡ ಬಂದರೂ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಗಾಡಿ ಬಂತು. ಮಹಾದೇವಿಯೇ ಮನೆಗೆ ಓಡಿಸಿಕೊಂಡು ಬಂದಳು. ಅಮ್ಮ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು. ಮರುದಿನ ಭಾನುವಾರ ಬೆಳಿಗ್ಗೆ ಮಹಾದೇವಿ ಮತ್ತೆ ಬಂದಳು, ಕಾಲೋನಿಯ ಮೈದಾನಕ್ಕೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡು ಬಂದಿದ್ದರು. ಜೇಬು ಜೋತುಬಿದ್ದಿದ್ದರಿಂದ ನನಗೆ ಗೊತ್ತಾಯಿತು. ಮಹಾದೇವಿ ಹೇಳಿಕೊಟ್ಟಳು: ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ನಾನು ತಲೆಯಾಡಿಸಿದೆ. ತಲೆಗೆ ಅರ್ಥವಾಗಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ.

ಹೊರಟೆ. ಆ ಸದ್ದು ನನ್ನ ಕಾಲ ಕೆಳಗಿನಿಂದಲೇ ಬರುತ್ತಿದೆ ಎಂದು ಮೈ ಜುಮ್ಮೆಂದಿತು. ಎರಡನೇ ಗೇರಿಗೆ ಹಾಕಿದೆ. ಮೈದಾನದ ಕೊನೆಯಲ್ಲಿ ಯಾರೋ ಮನೆ ಕಟ್ಟಲು ಸುರಿದ ಮರಳಿನ ಗುಡ್ಡೆ, ಅದರ ಮೇಲೆ ಒಂದು ನಾಯಿ ಮಲಗಿತ್ತು. ಕಲ್ಲುಬೆಂಚಿನ ಮೇಲಿದ್ದ ಅಪ್ಪ, "ಬ್ರೇಕ್" ಎಂದು ಕೂಗಿದರು. ನನ್ನ ಎಡಗಾಲು ಮೂರು ವಾರದ ವಿದ್ಯೆಯನ್ನೆಲ್ಲ ಸೇರಿಸಿ ಒತ್ತಿತು. ಗಾಡಿ ಮೊದಲ ಗೇರಿಗೆ ಬಿದ್ದು ಗುಟುರು ಹಾಕಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದೆ. ಬಲಗಾಲು ಬ್ರೇಕಿನ ಕೆಳಗೆ ಬೆರಳು ತೂರಿಸಿ ಅದನ್ನು ಮೇಲಕ್ಕೆ ಎತ್ತಲು ಹವಣಿಸುತ್ತಿತ್ತು. ನಾಯಿ ಎದ್ದು, ಮೈ ಮುರಿದು, ಪಕ್ಕಕ್ಕೆ ಹೋಯಿತು. ಗಾಡಿ ಯಾವ ಅವಸರವೂ ಇಲ್ಲದೆ ಮರಳು ಹತ್ತಿ, ನಿಂತು, ನನ್ನನ್ನು ಒಂದು ಕಡೆ ಮಲಗಿಸಿ ತಾನು ಇನ್ನೊಂದು ಕಡೆ ಮಲಗಿತು. ಒಂದು ಕನ್ನಡಿ ಒಡೆದದ್ದು, ನನ್ನ ಮೊಣಕೈ ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಮಹಾದೇವಿಯೂ ನಾನೂ ಸೇರಿ ಗಾಡಿ ಎಬ್ಬಿಸಿದೆವು. ಅಪ್ಪ ಬಂದು ನನ್ನನ್ನು ನೋಡಿದರು, ಆಮೇಲೆ ಬಗ್ಗಿ ಗಾಡಿಯ ಎರಡೂ ಮಗ್ಗುಲು ನೋಡಿದರು. "ಗೇರು ಈ ಕಡೆ ಯಾಕಿದೆ?" ಎಂದು ಕೇಳಿದರು.

"ಈಗ ಎಲ್ಲಾ ಗಾಡಿಗೂ ಹಿಂಗ ರೀ ಅಪ್ಪಾರ" ಅಂದಳು ಮಹಾದೇವಿ. "ಹಳೇವು ಅಷ್ಟ ಬಲಕ್ಕ ಇದ್ವು. ಅವು ಹೋಗಿ ಭಾಳ ದಿನ ಆತು."

ಅಪ್ಪನ ಮುಖ ಸಣ್ಣದಾಯಿತು. ಮನೆಯ ಕಡೆ ಹೊರಟರು. ನಾನು ಕುಂಟುತ್ತ ಮನೆ ಸೇರುವಾಗ ಬಿಲ್ಲೆ ತುಳಸಿ ಕುಂಡದ ಪಕ್ಕ ಬಿದ್ದಿತ್ತು. "ಹಿಂದೆ ಕೂತವನು ಮುಂದೆ ಕೂತವಳಿಗೆ ಪಾಠ ಹೇಳಕ್ಕೆ ಹೋದೆ. ಏನಾದ್ರೂ ಆಗಿದ್ದಿದ್ರೆ?" ಎಂದು ಅಮ್ಮನಿಗೆ ಹೇಳುತ್ತಿದ್ದರು. ಹೋಗಿ ಸಮಾಧಾನ ಹೇಳಬೇಕಿತ್ತು. ಮೊಣಕೈ ಉರಿಯುತ್ತಿತ್ತು, ನಾನೂ ಮುನಿಸಿಕೊಂಡು ಕೂತೆ. ಈಗ ನೆನೆದರೆ ಅದು ನನಗೆ ಬೇಸರದ ವಿಷಯ.

ಆಮೇಲಿನ ತಿಂಗಳುಗಳು ಮಹಾದೇವಿಯವು. ಭಾನುವಾರ ಬೆಳಿಗ್ಗೆ ಬಂದು, ಅಮ್ಮ ಮಾಡಿದ ತಿಂಡಿ ತಿಂದು, ನನಗೆ ಕಲಿಸುವಳು. ಕಲಿಸುವುದಕ್ಕಿಂತ ಮರೆಸುವುದೇ ಹೆಚ್ಚಾಯಿತು. ನನ್ನ ಬಲ ಚಪ್ಪಲಿಯ ಮೇಲೆ ಸುಣ್ಣದಲ್ಲಿ 'ಬ್ರೇ' ಎಂದು ಬರೆದಳು. ಕೊನೆಗೆ ಲೈಸೆನ್ಸ್ ಆಯಿತು. ದೊಮ್ಮಲೂರಿನ ಫ್ಲೈಓವರ್ ಹತ್ತಿ ಇಳಿಯುವ ಧೈರ್ಯವೂ ಬಂತು. ಅಪ್ಪ ಮಾತ್ರ ಗಾಡಿಯ ಹತ್ತಿರ ಸುಳಿಯಲಿಲ್ಲ. ಅವರಿಗಾಗಿ ತಂದಿದ್ದ ಎರಡನೇ ಹೆಲ್ಮೆಟ್ಟಿನಲ್ಲಿ ಅಮ್ಮ ಬೆಳ್ಳುಳ್ಳಿ ಹಾಕಿಟ್ಟಳು. ನಾನು ಗೆದ್ದ ಹಾಗೂ ಇತ್ತು, ಸೋತ ಹಾಗೂ ಇತ್ತು. ಗಾಡಿ ಮಾರಿ ಸ್ಕೂಟರ್ ತಂದುಬಿಡೋಣವೇ ಎಂದು ಎರಡು ಮೂರು ಸಲ ಯೋಚಿಸಿದ್ದೂ ಉಂಟು.

ಒಂದು ಸಂಜೆ ಮನೆಗೆ ಬಂದು ಹೆಲ್ಮೆಟ್ ತೆಗೆಯುತ್ತಿದ್ದೆ. ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಪೇಪರಿನಿಂದ ತಲೆ ಎತ್ತದೆ, "ಮೂರಕ್ಕೆ ಬೇಗ ಹಾಕ್ತಿದೀಯ" ಅಂದರು.

"ಏನಪ್ಪ?"

"ಮರದ ಹತ್ರ ತಿರುಗ್ತೀಯಲ್ಲ, ಅಲ್ಲಿ. ಗಾಡಿ ಇನ್ನೂ ಎರಡರಲ್ಲಿ ಓಡ್ಬೇಕು ಅಂತಿರತ್ತೆ. ನೀನು ಮೂರಕ್ಕೆ ಹಾಕ್ಬಿಡ್ತೀಯ. ಅದು ಕೆಮ್ಮತ್ತೆ. ದಿನಾ ಕೇಳ್ತಿದೀನಿ."

ಆ ತಿರುವಿನಲ್ಲಿ ಗಾಡಿ ಎಳೆದಾಡುವುದು ನಿಜ. ಯಾಕೆಂದು ನನಗೂ ಗೊತ್ತಿರಲಿಲ್ಲ, ಮಹಾದೇವಿಗೂ ಹೊಳೆದಿರಲಿಲ್ಲ. ಮರುದಿನ ಅಪ್ಪ ಹೇಳಿದಂತೆ ಮಾಡಿದೆ. ಗಾಡಿ ಕೆಮ್ಮಲಿಲ್ಲ. ಗೇರು ಎಡಕ್ಕೆ ಬಂದಿದ್ದರೇನು, ಅದನ್ನು ಹಾಕುವ ಹೊತ್ತು ಅಪ್ಪನ ಕಿವಿಯಲ್ಲಿ ಹಾಗೇ ಇತ್ತು. ನಾನು ನೇರ ಅಡುಗೆಮನೆಗೆ ಹೋಗಿ, ಬೆಳ್ಳುಳ್ಳಿಯನ್ನು ಮೊರಕ್ಕೆ ಸುರಿದು, ಹೆಲ್ಮೆಟ್ ಒರೆಸಿ ತಂದು ಅಪ್ಪನ ಮುಂದೆ ಇಟ್ಟೆ.

"ಅಪ್ಪ, ನನಗೆ ಹೊತ್ತು ಗೊತ್ತಾಗಲ್ಲ. ನೀನು ಹಿಂದೆ ಕೂತು ಹೇಳು. ಯಾವ ಕಾಲು ಅಂತ ನಾನು ನೋಡ್ಕೋತೀನಿ."

ಅಪ್ಪ ಹೆಲ್ಮೆಟ್ಟನ್ನು ಎತ್ತಿ ಮೂಸಿದರು. "ಬೆಳ್ಳುಳ್ಳಿ ವಾಸನೆ" ಅಂದರು. ಆದರೆ ಕೆಳಗಿಡಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಅವರು ಹಿಂದೆ ಕೂತದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಹಗುರವಾಗಿ ಕೂತರು. ಹೊಂಗೆ ಮರದ ತಿರುವಿನಲ್ಲಿ, "ಇರ್ಲಿ, ಇರ್ಲಿ... ಈಗ" ಎಂದು ಕಿವಿಯ ಹತ್ತಿರ ಮಾತು ಬಂತು. ಮೂರಕ್ಕೆ ಹಾಕಿದೆ. ಹಳೆ ಮದ್ರಾಸು ರಸ್ತೆಯಲ್ಲಿ ಹಂಪ್ ಬರುವ ಮೊದಲು ಎಡ ಭುಜದ ಮೇಲೆ ಎರಡು ತಟ್ಟು. ನನ್ನ ಜೊತೆಗೇ ಬಾಗುತ್ತಿದ್ದರು, ನನ್ನ ಜೊತೆಗೇ ಏಳುತ್ತಿದ್ದರು. ಎಲ್ಲಿಗೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎಂ.ಜಿ. ರಸ್ತೆಯವರೆಗೆ ಹೋಗಿ ಕಾಫಿ ಕುಡಿದು ಬರುವುದು ನನ್ನ ಮನಸ್ಸಿನಲ್ಲಿತ್ತು. ಹಲಸೂರು ಎಂದು ನಾನಾಗಿ ಬಾಯಿಬಿಟ್ಟರೆ ಇಳಿದು ನಡೆದೇಬಿಡುತ್ತಾರೆಂದು ಹೆದರಿಕೆ ಇತ್ತು.

ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತೆವು. ನೇರ ಹೋದರೆ ಎಂ.ಜಿ. ರಸ್ತೆ, ಎಡಕ್ಕೆ ಸ್ವಾಮಿ ಅಂಕಲ್ ಮನೆ. ಕೆಂಪು ದೀಪದ ಅಂಕಿ ಇಳಿಯುತ್ತಿತ್ತು. ಹಸಿರಾಯಿತು. ಹಿಂದಿನ ಆಟೋದವನು ಹಾರನ್ ಒತ್ತಿದ. ಆಗ ಅಪ್ಪನ ಕೈ ನನ್ನ ಎಡ ಭುಜದ ಮೇಲೆ ಬಂತು. ತಟ್ಟಲಿಲ್ಲ, ಒತ್ತಿತು. ನಾನು ಎಡಕ್ಕೆ ತಿರುಗಿಸಿದೆ. ಹೆಲ್ಮೆಟ್ಟಿನೊಳಗೆ ನನ್ನ ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸಂದಿಯೊಳಗೆ ನುಗ್ಗಿದಾಗ ಸದ್ದು ಎರಡೂ ಕಡೆಯ ಗೋಡೆಗೆ ಬಡಿದು ಇಮ್ಮಡಿಯಾಯಿತು. ಸ್ವಾಮಿ ಅಂಕಲ್ ಮೆಟ್ಟಿಲ ಮೇಲೆ ಕೂತು ಈರುಳ್ಳಿ ಸಿಪ್ಪೆ ತೆಗೆಯುತ್ತಿದ್ದರು. ತಲೆ ಎತ್ತಿದರು. ದಪ್ಪ ಕನ್ನಡಕದೊಳಗಿಂದ ಯಾರೆಂದು ಗೊತ್ತಾಗಲಿಲ್ಲವೆಂದು ಕಾಣುತ್ತದೆ, ಗಾಡಿಯ ಕಡೆಗೇ ನೋಡುತ್ತಿದ್ದರು. ಅಪ್ಪ ಇಳಿದರು. ಜೇಬಿಗೆ ಕೈ ಹಾಕಿ, ಬಗ್ಗಿ, ಸ್ಟ್ಯಾಂಡು ಬೀಳುವ ಜಾಗ ನೋಡಿ ಬಿಲ್ಲೆ ಇಟ್ಟರು. ಅದನ್ನು ಯಾವಾಗ ಎತ್ತಿಕೊಂಡಿದ್ದರೋ ನನಗೆ ಗೊತ್ತಿಲ್ಲ. ಕೆಳಗೆ ಗಟ್ಟಿ ಸಿಮೆಂಟು ರಸ್ತೆ, ಬಿಲ್ಲೆಯ ಅಗತ್ಯವೇ ಇರಲಿಲ್ಲ. ನಾನು ಅದರ ಮೇಲೆಯೇ ಸ್ಟ್ಯಾಂಡು ಹಾಕಿದೆ.

ಆ ಬಗ್ಗುವಿಕೆ ನೋಡಿ ಸ್ವಾಮಿ ಅಂಕಲ್‌ಗೆ ಗೊತ್ತಾಯಿತು. "ನಂಜಾ" ಅಂದರು. ಆಮೇಲೆ, "ಅದು ಇನ್ನೂ ಇಟ್ಕೊಂಡಿದೀಯಾ?"

"ನನ್ ಪಾಲಿಗೆ ಉಳಿದಿದ್ದು ಅದೊಂದೇ" ಅಂದರು ಅಪ್ಪ. ನಾಲ್ಕು ವರ್ಷದ ಸಿಟ್ಟೆಲ್ಲ ಆ ಮಾತಿನಲ್ಲಿತ್ತು.

ಸ್ವಾಮಿ ಅಂಕಲ್ ಚಾಕು ಕೆಳಗಿಟ್ಟರು. "ಕಣ್ಣು ಹೋಗ್ತಾ ಇತ್ತು ಪಾ. ಯಾರ್‌ಗೂ ಹೇಳಿಲ್ಲ. ಲಾಸ್ಟ್ ಟೈಮ್ ಶಿವಾಜಿನಗರದಿಂದ ಬರ್‌ವಾಗ ಬಲಗಡೆಯಿಂದ ಒಂದ್ ಬಸ್ ಬಂತಲ್ಲ, ಜ್ಞಾಪಕ ಇದೆಯಾ? ನನಗೆ ಕಾಣಲೇ ಇಲ್ಲ. ನೀನು ಭುಜ ತಟ್ದೆ, ನಾನು ನಿಂತೆ. ನಿನ್ನ ಹಿಂದೆ ಕೂರ್ಸ್ಕೊಂಡು ಹೆಂಗ್ ಓಡ್ಸೋದು?"

"ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಏನ್ ಅಂತಿದ್ದೆ? ನಾನ್ ಇದೀನಲ್ಲ ಹಿಂದೆ, ನಾನ್ ನೋಡ್ಕೋತೀನಿ, ಓಡ್ಸು ಅಂತಿದ್ದೆ. ನಾನೂ ಓಡಿಸ್ತಿದ್ದೆ."

ಅಪ್ಪ ಹಾಗೆಯೇ ಅನ್ನುತ್ತಿದ್ದರು ಎಂಬುದು ಮೂವರಿಗೂ ಗೊತ್ತಿತ್ತು. ಬಂದು ಮೆಟ್ಟಿಲ ಮೇಲೆ ಸ್ವಾಮಿ ಅಂಕಲ್ ಪಕ್ಕ ಕೂತು, ಒಂದು ಈರುಳ್ಳಿ ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದರು. ಇಬ್ಬರೂ ಕಣ್ಣು ಒರೆಸಿಕೊಂಡರು. ಈರುಳ್ಳಿ ಎದುರಿಗೇ ಇದ್ದದ್ದರಿಂದ ನಾನೇನೂ ಕೇಳುವಂತಿರಲಿಲ್ಲ.

ಕಾಫಿ ಆಯಿತು. ಸ್ವಾಮಿ ಅಂಕಲ್ ಎದ್ದು ಗಾಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಬಲಗಡೆ ತಡಕಿ, "ಗೇರ್ ಎಲ್ಲಿ?" ಅಂದರು. "ಎಡಕ್ಕೆ ಹೋಗಿದೆ, ಅದೊಂದು ದೊಡ್ಡ ಕಥೆ" ಅಂದರು ಅಪ್ಪ. ಸ್ವಾಮಿ ಅಂಕಲ್ ಕೈ ಟ್ಯಾಂಕಿನ ಮೇಲೆ ಬಂದು ಅಲ್ಲೇ ಉಳಿಯಿತು. ಅಪ್ಪ ತಮ್ಮ ಹೆಲ್ಮೆಟ್ ತಂದು ಗೆಳೆಯನ ತಲೆಗೆ ಹಾಕಿ, ಗದ್ದದ ಕೆಳಗಿನ ಪಟ್ಟಿ ಬಿಗಿದರು.

"ಹತ್ತು."

"ನಾನಾ? ಹಿಂದೇನಾ? ನನಗೆ ಹಿಂದೆ ಕೂತು ಅಭ್ಯಾಸ ಇಲ್ಲ ಪಾ."

"ನಾನ್ ಹೇಳ್ಕೊಡ್ತೀನಿ. ಎಡಗಡೆಯಿಂದ ಹತ್ತು. ಅವಳನ್ನ ಬಿಗಿಯಾಗಿ ಹಿಡ್ಕೋಬೇಡ, ಹಿಂದಿನ ಕಂಬಿ ಹಿಡ್ಕೋ. ಅವಳು ಎಷ್ಟು ಬಾಗ್ತಾಳೋ ಅಷ್ಟೇ ಬಾಗು. ನೀನು ಓಡಿಸ್ತಿದೀಯ ಅಂದ್ಕೋಬೇಡ."

ಸ್ವಾಮಿ ಅಂಕಲ್ ಏದುಸಿರು ಬಿಡುತ್ತ ಹತ್ತಿದರು. ಗಾಡಿ ಒಮ್ಮೆ ಓಲಾಡಿತು, ನಾನು ನೆಟ್ಟಗೆ ನಿಲ್ಲಿಸಿದೆ. ಅಪ್ಪ ಬಗ್ಗಿ ಬಿಲ್ಲೆ ಎತ್ತಿಕೊಂಡು ಅಂಗಿಯ ಅಂಚಿನಿಂದ ಒರೆಸಿದರು. ಹೊರಟೆವು. ಸಂದಿಯ ಮೊದಲ ಹಂಪ್ ನನಗೆ ಗೊತ್ತಾಗಲಿಲ್ಲ, ಇಬ್ಬರೂ ಎಗರಿ ಕೂತೆವು.

"ತಟ್ಟಬೇಕು ಕಣೋ" ಎಂದು ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

ಸಂದಿಯ ಕೊನೆಯಲ್ಲಿ ಇನ್ನೊಂದು ಹಂಪ್ ಇತ್ತು. ಅದನ್ನು ನಾನು ದೂರದಿಂದಲೇ ನೋಡಿದ್ದೆ, ಆದರೂ ವೇಗ ಇಳಿಸದೆ ಕಾದೆ. ತೀರ ಹತ್ತಿರ ಬಂದಾಗ ನನ್ನ ಎಡ ಭುಜದ ಮೇಲೆ, ಹೊಸಬರ ಅಳುಕಿನಲ್ಲಿ, ಎರಡು ಸಲ ತಟ್ಟಿದರು. ನಾನು ಬ್ರೇಕ್ ಹಾಕಿದೆ, ಬಲಗಾಲಿನಲ್ಲಿ. ತಿರುಗಿಸಿಕೊಂಡು ಬರುವಾಗ ಅಪ್ಪ ಮನೆಯ ಮುಂದೆ, ಸ್ಟ್ಯಾಂಡು ಎಲ್ಲಿ ಬೀಳುತ್ತದೆಂದು ಅಂದಾಜು ಮಾಡಿ, ಬಿಲ್ಲೆ ಹಿಡಿದುಕೊಂಡು ನಿಂತಿದ್ದರು.